ಸ್ಟೀರಿಂಗ್ ನಾಬ್ ಮತ್ತು ನನ್ನ ಎಡಗೈ

ನನ್ನ ಎಡಗೈ ಹೆಬ್ಬೆರಳಿನ ಬುಡ ಹತ್ತು ದಿನ ಊದಿಕೊಂಡಿತ್ತು. ಅಂಗಿಯ ಗುಂಡಿ ಹಾಕಲು ಕೂಡ ಬಲಗೈಯೊಂದೇ ಗತಿ. ಇಷ್ಟಕ್ಕೆಲ್ಲ ಕಾರಣ, ಹುಲ್ಲು ಕತ್ತರಿಸುವ ಪುಟ್ಟ ಗಾರ್ಡನ್ ಟ್ರಾಕ್ಟರಿನ ಸ್ಟೀರಿಂಗ್ ಮೇಲೆ ನಾನೇ ಆಸೆಪಟ್ಟು ಕೂರಿಸಿದ್ದ ಒಂದು ಗುಂಡನೆಯ ಹಿಡಿ, ಅಂದರೆ ನಾಬ್. ಅದನ್ನು ಕಿತ್ತೆಸೆದೆಯಾ ಅಂತ ಕೇಳಿದರೆ, ಕಿತ್ತೆ, ಆದರೆ ಎಸೆಯಲಿಲ್ಲ. ಈಗ ಅದು ಮತ್ತೆ ಸ್ಟೀರಿಂಗ್ ಮೇಲೆಯೇ ಕೂತಿದೆ. ನಡುವೆ ನಾನು ಕೈ ಮಸಿ ಮಾಡಿಕೊಂಡದ್ದು ಜಾಸ್ತಿ ಅದರ ಕೆಳಗಿರುವ ಸ್ಟೀರಿಂಗ್ ಜೊತೆ.

ನಾಬ್ ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನನ್ನದು ಹಳೆಯ ಗಾಡಿ, ಪವರ್ ಸ್ಟೀರಿಂಗ್ ಇಲ್ಲ. ಹುಲ್ಲು ಕತ್ತರಿಸುವಷ್ಟು ದಿನ ಎರಡೂ ಕೈ ಸ್ಟೀರಿಂಗ್ ಮೇಲೇ ಇರುತ್ತಿದ್ದವು, ತೊಂದರೆ ಇರಲಿಲ್ಲ. ಗಾಡಿಯ ಮುಂಭಾಗಕ್ಕೆ ಮಣ್ಣು ಎತ್ತುವ ಪುಟ್ಟ ಲೋಡರ್ ಕಟ್ಟಿದ ಮೇಲೆ ಕಷ್ಟ ಶುರುವಾಯಿತು. ಬಕೆಟ್ ಏರಿಸುವ, ಬಗ್ಗಿಸುವ ಲಿವರುಗಳು ಬಲಗೈ ಕಡೆ. ಮಣ್ಣಿನ ಗುಡ್ಡೆಗೆ ನುಗ್ಗು, ಬಕೆಟ್ ಎತ್ತು, ಹಿಂದಕ್ಕೆ ಬಾ, ತಿರುಗಿಸು, ಮುಂದೆ ಹೋಗಿ ಸುರಿ. ಒಂದು ಸುತ್ತಿನಲ್ಲೇ ಬಲಗೈ ಲಿವರಿಗೂ ಸ್ಟೀರಿಂಗಿಗೂ ಹತ್ತು ಸಲ ಓಡಾಡಬೇಕು. ನನ್ನ ಗಾಡಿಯ ಸ್ಟೀರಿಂಗ್ ಈ ಕೊನೆಯಿಂದ ಆ ಕೊನೆಗೆ ಎರಡೂವರೆ ಸುತ್ತು. ಒಂದೇ ಕೈಯಲ್ಲಿ ಅಷ್ಟು ತಿರುಗಿಸಬೇಕಾದರೆ ಅಂಗೈಯನ್ನು ಸ್ಟೀರಿಂಗ್ ಚಕ್ರಕ್ಕೆ ಒತ್ತಿ ಉಜ್ಜುತ್ತಾ ಇರಬೇಕು. ಕೈ ಬೆವರಿದ್ದರೆ ಜಾರುತ್ತದೆ. ನಾಬ್ ಇದ್ದರೆ ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ ಹಿಡಿದು ಸುತ್ತಿಬಿಡಬಹುದು, ಕೈ ಬದಲಿಸುವ ಮಾತೇ ಇಲ್ಲ.

ಕೂರಿಸುವ ಕೆಲಸ ಐದು ನಿಮಿಷದ್ದು ಅಂದುಕೊಂಡಿದ್ದೆ. ನಾಬನ್ನು ಚಕ್ರಕ್ಕೆ ಕಚ್ಚಿಸುವ ಎರಡು ತುಂಡಿನ ಪಟ್ಟಿ, ಎರಡು ಬೋಲ್ಟು, ಒಳಗೆ ತೆಳು ರಬ್ಬರ್. ಇಂಥ ನಾಬುಗಳ ಪಟ್ಟಿ ಸಾಮಾನ್ಯವಾಗಿ ದೊಡ್ಡ ಟ್ರಾಕ್ಟರು, ಫೋರ್ಕ್‌ಲಿಫ್ಟುಗಳ ದಪ್ಪ ಸ್ಟೀರಿಂಗಿಗೂ ಆಗುವ ಹಾಗೆ ಮಾಡಿರುತ್ತಾರೆ. ಗಾರ್ಡನ್ ಟ್ರಾಕ್ಟರಿನದು ಅದರ ಮುಂದೆ ಬಡಕಲು. ಬೋಲ್ಟು ಪೂರ್ತಿ ಬಿಗಿದರೂ ಪಟ್ಟಿ ಸಡಿಲವೇ. ಮೊದಲ ದಿನ ಬಕೆಟ್ ತುಂಬಿಕೊಂಡು ತಿರುಗಿಸಲು ಹೋದರೆ ಸ್ಟೀರಿಂಗ್ ಇದ್ದಲ್ಲೇ ಇತ್ತು, ನಾಬ್ ಮಾತ್ರ ಚಕ್ರದ ಮೇಲೆ ಜಾರಿಕೊಂಡು ಮುಂದೆ ಹೋಯಿತು! ಗಾಡಿ ನೇರವಾಗಿ ಬೇಲಿಯ ಕಡೆ. ನಿಧಾನಕ್ಕೆ ಹೋಗುತ್ತಿದ್ದೆ, ಬಚಾವ್.

ಅದಕ್ಕೆ ಮಾಡಿದ ಉಪಾಯ ಇಷ್ಟೇ. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎಳೆದು ಹಿಡಿದು, ಚಕ್ರಕ್ಕೆ ಎರಡು ಸುತ್ತು ಸುತ್ತಿದೆ. ಅದರ ಮೇಲೆ ನಾಬಿನ ಪಟ್ಟಿ ಬಿಗಿದೆ. ಇನ್ನೂ ಒಂದು ಕೆಲಸ ಮಾಡಿದೆ, ಅದೇ ಮುಖ್ಯ: ಸ್ಟೀರಿಂಗಿನ ಕಡ್ಡಿ ಚಕ್ರಕ್ಕೆ ಸೇರುವ ಜಾಗಕ್ಕೆ ತಾಗಿಸಿ ನಾಬಿನ ಪಟ್ಟಿಯನ್ನು ಕೂರಿಸಿದೆ. ಒಂದು ಕಡೆಗೆ ಕಡ್ಡಿಯೇ ತಡೆ, ಇನ್ನೊಂದು ಕಡೆಗೆ ರಬ್ಬರಿನ ಹಿಡಿತ. ಸಾದಾ ನಟ್ಟುಗಳನ್ನು ತೆಗೆದು ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕಿದೆ, ಇಲ್ಲದಿದ್ದರೆ ಇಂಜಿನ್ ನಡುಕಕ್ಕೆ ವಾರದಲ್ಲಿ ಸಡಿಲ. ಕೆಳಗೆ ಚಾಚಿಕೊಂಡಿದ್ದ ಬೋಲ್ಟಿನ ತುದಿಗಳನ್ನು ಗರಗಸದಲ್ಲಿ ಕೊಯ್ದು ಅರ ಉಜ್ಜಿದೆ. ಚಕ್ರದ ಅಡಿಯಲ್ಲಿ ಬೆರಳು ಓಡಾಡುತ್ತಲೇ ಇರುತ್ತದಲ್ವಾ, ಎರಡು ಸಲ ತರಚಿಸಿಕೊಂಡ ಮೇಲೆ ಈ ಬುದ್ಧಿ ಬಂತು.

ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿಯುವ ಆಸೆ ಬರುತ್ತದೆ. ಬೇಡ. ಈ ಗಾಡಿಗಳ ಸ್ಟೀರಿಂಗ್ ಹೆಚ್ಚಾಗಿ ಪ್ಲಾಸ್ಟಿಕ್ ಹೊದಿಕೆಯದು. ಅತಿಯಾಗಿ ಹಿಸುಕಿದರೆ ಅಲ್ಲೇ ಬಿರುಕು ಬಿಡುತ್ತದೆ.

ನಾಬ್ ತನ್ನ ಮೊಳೆಯ ಮೇಲೆ ತಾನೇ ಸಲೀಸಾಗಿ ತಿರುಗಬೇಕು. ಇದು ಸಣ್ಣ ವಿಷಯ ಅನಿಸುತ್ತದೆ, ಅಲ್ಲ. ನಾಬ್ ತಿರುಗದಿದ್ದರೆ ಅದರ ಬದಲು ಅಂಗೈಯ ಚರ್ಮ ತಿರುಗುತ್ತದೆ, ಒಂದು ಗಂಟೆಯಲ್ಲಿ ಬೊಬ್ಬೆ. ಒಳಗೆ ಬೇರಿಂಗ್ ಇರುವುದು ಸಿಕ್ಕರೆ ಅದೇ ಒಳ್ಳೆಯದು. ನನ್ನದರಲ್ಲಿ ಬರೀ ಪ್ಲಾಸ್ಟಿಕ್ ಬುಷ್. ಮೊದಲು ಗ್ರೀಸ್ ಹಚ್ಚಿದ್ದೆ. ಹುಲ್ಲಿನ ಪುಡಿ, ಧೂಳು ಎಲ್ಲ ಅದಕ್ಕೆ ಅಂಟಿ ಅಂಬಲಿಯ ಹಾಗಾಯಿತು. ಈಗ ಬಿಚ್ಚಿ ಒರೆಸಿ ಒಂದು ಹನಿ ತೆಳು ಎಣ್ಣೆ, ಅಷ್ಟೇ.

ಎಲ್ಲಿ ಕೂರಿಸಬೇಕು ಅನ್ನೋದಕ್ಕೆ ಮೂರು ವಾರ ಹಿಡಿಯಿತು. ಗಡಿಯಾರದ ಲೆಕ್ಕದಲ್ಲಿ ಹೇಳುತ್ತೇನೆ, ಮುಂದಿನ ಗಾಲಿಗಳು ನೇರ ಇದ್ದಾಗ. ಮೊದಲು 8 ಗಂಟೆಯ ಜಾಗದಲ್ಲಿ ಹಾಕಿದೆ, ಕೈ ತೊಡೆಯ ಮೇಲೆ ಆರಾಮಾಗಿ ಇರಲಿ ಅಂತ. ಆದರೆ ಎಡಗಡೆಯಿಂದ ಇಳಿಯುವಾಗ ಪ್ರತಿ ಸಲ ತೊಡೆಗೆ ಬಡಿಯುತ್ತಿತ್ತು. ಒಂದು ದಿನ ಪ್ಯಾಂಟಿನ ಜೇಬಿಗೆ ಸಿಕ್ಕಿಕೊಂಡು ಹೊಲಿಗೆಯೇ ಬಿಚ್ಚಿತು. ಆಮೇಲೆ 12ಕ್ಕೆ ಸರಿಸಿದೆ. ಈ ಗಾಡಿಗಳ ಸ್ಟೀರಿಂಗ್ ಕಾರಿನ ಹಾಗೆ ನಿಂತಿರುವುದಿಲ್ಲ, ತಟ್ಟೆಯ ಹಾಗೆ ಸ್ವಲ್ಪ ಮಲಗಿರುತ್ತದೆ. ಹಾಗಾಗಿ 12 ಅಂದರೆ ದೂರ, 6 ಅಂದರೆ ಹೊಟ್ಟೆಗೆ ಹತ್ತಿರ. ದಿನವಿಡೀ ಮುಂದಕ್ಕೆ ಚಾಚಿ ಚಾಚಿ ಭುಜ ಹಿಡಿದುಕೊಂಡಿತು. ಕೊನೆಗೆ 10 ಗಂಟೆಯ ಹತ್ತಿರ ನಿಲ್ಲಿಸಿದೆ. ಕಡ್ಡಿಯೂ ಪುಣ್ಯಕ್ಕೆ ಅಲ್ಲೇ ಇದೆ. ಈಗ ಕಣ್ಣು ಹಿಂದಿದ್ದರೂ ಕೈಗೆ ಗೊತ್ತಾಗುತ್ತದೆ, ಮುಂದಿನ ಗಾಲಿ ಎಷ್ಟು ತಿರುಗಿದೆ ಅಂತ. ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಹೋಗುವಾಗ, ಸೊಂಟ ತಿರುಗಿಸಿ ಹಿಂದೆ ನೋಡುತ್ತಾ ಕೂತಿರುವಾಗ, ಇದರಷ್ಟು ಅನುಕೂಲ ಇನ್ನೊಂದಿಲ್ಲ. ನನ್ನ ಮಟ್ಟಿಗೆ ಲೋಡರಿಗಿಂತ ಇದೇ ದೊಡ್ಡ ಲಾಭ.

ಇನ್ನು ಹೆಬ್ಬೆರಳಿನ ಕಥೆ. ಅವತ್ತು ಎತ್ತರ ಬೆಳೆದ ಹುಲ್ಲಿನ ನಡುವೆ ಖಾಲಿ ಬಕೆಟ್ ಹಿಡಿದು ವಾಪಸ್ ಬರುತ್ತಿದ್ದೆ. ನಾಬನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ, ಹೆಬ್ಬೆರಳು ಅದರ ಸುತ್ತ. ಹುಲ್ಲಿನೊಳಗೆ ಕಡಿದ ಮರದ ಒಂದು ಮೋಟು. ಎಡ ಮುಂಗಾಲಿ ಅದಕ್ಕೆ ಓರೆಯಾಗಿ ತಾಗಿತು. ಏನಾಯಿತು ಅಂತ ಗೊತ್ತಾಗುವ ಮೊದಲೇ ಸ್ಟೀರಿಂಗ್ ಒದ್ದಿತ್ತು. ನಾಬ್ ಅರ್ಧ ಸುತ್ತು ಹಾರಿತು, ನನ್ನ ಹೆಬ್ಬೆರಳನ್ನು ಜೊತೆಗೇ ಎಳೆದುಕೊಂಡು. ‘ಟಕ್’ ಅಂತ ಒಂದು ಸದ್ದು. ಮುರಿಯಿತು ಅಂದುಕೊಂಡೆ. ಮುರಿದಿರಲಿಲ್ಲ, ಉಳುಕಿತ್ತು.

ಪವರ್ ಇಲ್ಲದ ಸ್ಟೀರಿಂಗ್ ಎರಡೂ ಕಡೆಗೆ ಕೆಲಸ ಮಾಡುತ್ತದೆ. ನೀವು ಚಕ್ರ ತಿರುಗಿಸಿದರೆ ಗಾಲಿ ತಿರುಗುತ್ತದೆ. ಗಾಲಿಯನ್ನು ಕಲ್ಲೋ ಮೋಟೋ ಗುಂಡಿಯೋ ತಿರುಗಿಸಿದರೆ ಚಕ್ರವೂ ತಿರುಗುತ್ತದೆ. ನಾಬ್ ಇಲ್ಲದಿದ್ದರೆ ಚಕ್ರ ಅಂಗೈಯಲ್ಲಿ ಜಾರಿ ಹೋಗುತ್ತದೆ, ಸ್ವಲ್ಪ ಉರಿ, ಅಷ್ಟೇ. ನಾಬ್ ಇದ್ದರೆ ಅದು ಜಾರುವುದಿಲ್ಲ, ಗೂಟದ ಹಾಗೆ ಬಂದು ಬಡಿಯುತ್ತದೆ. ಬೆರಳು ತಪ್ಪಿದರೆ ಮಣಿಕಟ್ಟು, ಅದೂ ತಪ್ಪಿದರೆ ಮುಂಗೈ. ಹಳೆಯ ಟ್ರಾಕ್ಟರ್ ಓಡಿಸುವವರು ಹೆಬ್ಬೆರಳನ್ನು ಚಕ್ರದ ಒಳಗೆ ಸಿಕ್ಕಿಸಬೇಡ, ಮೇಲೆ ಇಟ್ಟುಕೋ ಅನ್ನುವುದು ಇದೇ ಒದೆಗೆ ಹೆದರಿ. ನಾನು ಕೇಳಿಸಿಕೊಂಡಿದ್ದೆ, ಮರೆತಿದ್ದೆ.

ಕೈ ವಾಸಿಯಾದ ಮೇಲೆ ಮೊದಲು ಮಾಡಿದ ಕೆಲಸ ನಾಬ್ ಬಿಚ್ಚಿದ್ದು. ಎರಡನೆಯದು, ಗಾಡಿಯ ಮುಂಭಾಗವನ್ನು ಜಾಕ್ ಮೇಲೆ ಎತ್ತಿದ್ದು. ಸ್ಟೀರಿಂಗ್ ಅಷ್ಟು ಭಾರ, ಅಷ್ಟು ಒರಟು ಯಾಕೆ ಅಂತ ಆವತ್ತೇ ಸರಿಯಾಗಿ ನೋಡಿದ್ದು. ಚಕ್ರವನ್ನು ಸುಮಾರು ಮೂರು ಬೆರಳಷ್ಟು ಅಲ್ಲಾಡಿಸಿದರೂ ಗಾಲಿ ಮಿಸುಕುತ್ತಿರಲಿಲ್ಲ. ಅಷ್ಟು ಆಟ. ಕೆಳಗೆ ಅರ್ಧಚಂದ್ರದ ಆಕಾರದ ಸೆಕ್ಟರ್ ಗೇರ್ ಇರುತ್ತದೆ, ಸ್ಟೀರಿಂಗ್ ದಂಡದ ತುದಿಯ ಪುಟ್ಟ ಗೇರ್ ಅದರ ಹಲ್ಲಿನ ಮೇಲೆ ಓಡುತ್ತದೆ. ನಡುವಿನ ನಾಲ್ಕೈದು ಹಲ್ಲು ಸವೆದು ಮೊನೆಯಾಗಿದ್ದವು, ಎರಡೂ ತುದಿಯ ಹಲ್ಲುಗಳು ಹೊಸದರ ಹಾಗೆ. ಗಾಡಿ ಹೆಚ್ಚು ಹೊತ್ತು ನೇರಕ್ಕೇ ಓಡುತ್ತದಲ್ಲ, ಸವೆಯುವುದೂ ನಡುವೆಯೇ. ನಡುವಿನ ಆಟ ಹೋಗಲಿ ಅಂತ ಗೇರನ್ನು ಹತ್ತಿರಕ್ಕೆ ತಳ್ಳಿ ಬಿಗಿದೆ. ನೇರಕ್ಕೆ ಸರಿಹೋಯಿತು, ಪೂರ್ತಿ ತಿರುಗಿಸುವಾಗ ಬಿಗಿ ಹಿಡಿಯಿತು. ಕೊನೆಗೆ ಎರಡೂ ಗೇರ್ ಹೊಸದು ಹಾಕಿದೆ.

ಸ್ಟೀರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಸರಳಿನ, ಅಂದರೆ ಟೈ ರಾಡಿನ, ತುದಿಯ ಒಂದು ಗೋಲಿ ಸಡಿಲವಿತ್ತು, ಬದಲಿಸಿದೆ. ಗಾಲಿ ತಿರುಗುವ ನಿಂತ ಪಿನ್ನುಗಳಿಗೆ ಗ್ರೀಸ್ ಹೊಡೆದೆ. ಇಲ್ಲೊಂದು ಕಿವಿಮಾತು: ಗಾಲಿ ನೆಲಕ್ಕೆ ಊರಿರುವಾಗ ಗ್ರೀಸ್ ಹೊಡೆದರೆ ಭಾರ ಬೀಳುವ ಕಡೆಗೆ ಅದು ನುಗ್ಗುವುದೇ ಇಲ್ಲ, ಅಲ್ಲಿ ಸಂದೇ ಇರುವುದಿಲ್ಲ. ಮುಂಭಾಗ ಎತ್ತಿ, ಗಾಲಿ ನೇತಾಡುತ್ತಿರುವಾಗ, ಆಚೀಚೆ ತಿರುಗಿಸುತ್ತಾ ಹೊಡೆಯಬೇಕು. ಇಷ್ಟು ವರ್ಷ ನಾನು ಸುಮ್ನೆ ಶಾಸ್ತ್ರಕ್ಕೆ ಹೊಡೆಯುತ್ತಿದ್ದೆ.

ಟೈರಿನ ಗಾಳಿ ನೋಡಿದರೆ ಒಂದರಲ್ಲಿ 6 ಪಿಎಸ್‌ಐ. ಗಾಡಿಯ ಕೈಪಿಡಿಯಲ್ಲಿ 14 ಅಂತ ಇದೆ. ಚಪ್ಪಟೆ ಟೈರನ್ನು ಮಣ್ಣಿನಲ್ಲಿ ಹೊರಳಿಸಲು ನಾನು ತೋಳು ಸೋಲಿಸಿಕೊಳ್ಳುತ್ತಿದ್ದೆ. ಇನ್ನೊಂದು, ಲೋಡರ್ ಕಟ್ಟಿದವರು ಹಿಂದೆ ಭಾರ ಕಟ್ಟಲೇಬೇಕು. ತುಂಬಿದ ಬಕೆಟ್ ಮುಂದಿನ ಅಚ್ಚಿಗಿಂತ ಮುಂದೆ ನೇತಾಡುತ್ತದೆ. ಅದರ ಭಾರವೂ ಮುಂಗಾಲಿ ಮೇಲೆ, ಹಿಂಭಾಗ ಹಗುರಾದಷ್ಟೂ ಆ ಭಾರವೂ ಮುಂಗಾಲಿ ಮೇಲೆಯೇ. ಹಿಂದೆ ಒಂದು ಕಾಂಕ್ರೀಟ್ ತುಂಬಿದ ಡಬ್ಬ ನೇತುಹಾಕಿದ ಮೇಲೆ ಸ್ಟೀರಿಂಗ್ ಎಷ್ಟೋ ಹಗುರಾಯಿತು, ಹಿಂದಿನ ಗಾಲಿ ನೆಲ ಬಿಡುವ ಭಯವೂ ತಗ್ಗಿತು. ಇದೆಲ್ಲ ನಾಬ್ ಕೊಳ್ಳುವ ಮೊದಲೇ ಮಾಡಬೇಕಿತ್ತು. ಸ್ಟೀರಿಂಗಿನ ಕಾಯಿಲೆಗೆ ನಾಬ್ ಔಷಧಿ ಅಂದುಕೊಂಡಿದ್ದೆ. ಎರಡು ಕೈಯಲ್ಲಿ ಭಾರವಾದದ್ದು ಒಂದು ಕೈಗೆ ಇಮ್ಮಡಿ ಭಾರ ಅನ್ನೋ ಸಾದಾ ಲೆಕ್ಕ ತಲೆಗೆ ಹೋಗಿರಲಿಲ್ಲ.

ಮತ್ತೆ ನಾಬ್ ಹಾಕಿದಾಗ ಹಿಡಿಯುವ ರೀತಿ ಬದಲಾಯಿಸಿದೆ. ಮುಷ್ಟಿ ಕಟ್ಟುವುದಿಲ್ಲ. ಅಂಗೈಯ ಗುಳಿಯನ್ನು ನಾಬಿನ ಮೇಲೆ ಇಟ್ಟು, ಬೆರಳುಗಳನ್ನು ಸುಮ್ನೆ ಕವುಚಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಸೇರಿಸಿಕೊಳ್ಳುತ್ತೇನೆ. ಒದ್ದರೆ ಕೈಯಿಂದ ಬಿಡಿಸಿಕೊಂಡು ಹೋಗಲಿ. ಗುಂಡಿ, ಕಲ್ಲು ಇರುವ ಕಡೆ ನಾಬ್ ಬಿಟ್ಟು ಎರಡೂ ಕೈ ಚಕ್ರಕ್ಕೆ. ನಿಂತಲ್ಲೇ ನಿಂತು ಗಾಲಿ ತಿರುಗಿಸುವ ಚಟವನ್ನೂ ಬಿಟ್ಟೆ. ನಾಬ್ ಇದ್ದರೆ ಆ ಆಸೆ ಜಾಸ್ತಿ, ಆದರೆ ಗೇರಿನ ಹಲ್ಲು ತಿನ್ನುವುದೂ ಅದೇ. ಗಾಡಿ ಒಂದು ಮೊಳ ಉರುಳಿದರೂ ಸಾಕು, ಸ್ಟೀರಿಂಗ್ ಹಗುರಾಗುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಸೂಯಿಸೈಡ್ ನಾಬ್’ ಅಂತ ಅಡ್ಡಹೆಸರು ಇದೆ. ‘ಬ್ರೋಡಿ ನಾಬ್’ ಅಂತಲೂ ಅನ್ನುತ್ತಾರೆ. 1886ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಿಂದ ಹಾರಿ ಬದುಕಿದೆ ಅಂತ ಹೇಳಿಕೊಂಡ ಸ್ಟೀವ್ ಬ್ರೋಡಿ ಅನ್ನುವವನ ಹೆಸರು ಅದು. ಕಾರಿನಲ್ಲಿ ಇದು ಕೆಟ್ಟ ಹೆಸರು ತಂದುಕೊಂಡದ್ದು ಸಹಜ. ತಿರುವು ಮುಗಿದ ಮೇಲೆ ಕಾರಿನ ಸ್ಟೀರಿಂಗ್ ತಾನಾಗಿಯೇ ವಾಪಸ್ ಸುತ್ತುತ್ತದೆ, ಆಗ ನಾಬ್ ಅಂಗಿಯ ತೋಳಿಗೆ ಸಿಕ್ಕಿಕೊಂಡರೆ ಮುಗಿಯಿತು. ಗಾರ್ಡನ್ ಟ್ರಾಕ್ಟರಿನದು ಅಷ್ಟು ರಭಸಕ್ಕೆ ವಾಪಸ್ ಬರುವುದಿಲ್ಲ. ಆದರೂ ನಾನು ತೋಳು ಮಡಚಿಕೊಂಡೇ ಕೂರುತ್ತೇನೆ.

ಗೆಳೆಯನ ಗಾಡಿಗೂ ಒಂದು ಹಾಕಿಕೊಟ್ಟೆ. ಅವನದು ಪೂರ್ತಿ ಆಯಿಲ್ ಮೇಲೆ ನಡೆಯುವ ಪವರ್ ಸ್ಟೀರಿಂಗ್. ಚಕ್ರಕ್ಕೂ ಗಾಲಿಗೂ ನಡುವೆ ಕಬ್ಬಿಣದ ಕೊಂಡಿ ಇಲ್ಲ, ಆಯಿಲೇ ಕೊಂಡಿ. ಗಾಲಿಗೆ ಬಿದ್ದ ಪೆಟ್ಟು ಕೈವರೆಗೆ ಬರುವುದೇ ಇಲ್ಲ ಅನ್ನಬಹುದು. ಕಿರುಬೆರಳಲ್ಲಿ ನಾಬ್ ಸುತ್ತುತ್ತಾನೆ, ಹೊಟ್ಟೆ ಉರಿಯುತ್ತದೆ. ಆದರೆ ಎರಡೇ ದಿನಕ್ಕೆ ಅವನ ದೂರು ಬಂತು: “ಏನೋ ಇದು, ಹತ್ತು ಗಂಟೆಗೆ ಕೂರಿಸಿದ್ದೆ, ಈಗ ನೋಡಿದರೆ ಎರಡು ಗಂಟೆಯಲ್ಲಿದೆ!” ಪಟ್ಟಿ ಜಾರಿರಲಿಲ್ಲ. ಆಯಿಲ್ ಒಳಗೊಳಗೇ ಸ್ವಲ್ಪ ಸೋರುವುದರಿಂದ ಈ ಬಗೆಯ ಸ್ಟೀರಿಂಗಿನಲ್ಲಿ ಚಕ್ರದ ಜಾಗ ನಿಧಾನಕ್ಕೆ ಬದಲಾಗುತ್ತಾ ಹೋಗುತ್ತದೆ. ಗಾಲಿ ನೇರವಿದ್ದಾಗ ನಾಬ್ ಎಲ್ಲಾದರೂ ಇರಬಹುದು. ಅಂಥ ಗಾಡಿಯಲ್ಲಿ ಎಲ್ಲಿ ಕೂರಿಸಲಿ ಅಂತ ಮೂರು ವಾರ ಒದ್ದಾಡುವ ಅಗತ್ಯವೇ ಇಲ್ಲ. ನಾಬ್ ನೋಡಿ ಗಾಲಿ ನೇರವಿದೆ ಅಂತ ನಂಬುವ ಹಾಗೂ ಇಲ್ಲ.

ಇಳಿಜಾರಿನಲ್ಲಿ, ಗೇರ್ ಏರಿಸಿ ಓಡಿಸುವಾಗ ನಾನು ಯಾವ ಗಾಡಿಯಲ್ಲೂ ನಾಬ್ ಮುಟ್ಟುವುದಿಲ್ಲ. ಮಣಿಕಟ್ಟಿನ ಒಂದು ಸುತ್ತಿಗೆ ಮುಂಗಾಲಿ ಸಟ್ಟನೆ ತಿರುಗುತ್ತದೆ, ಬಕೆಟ್ ಎತ್ತರದಲ್ಲಿದ್ದರೆ ಗಾಡಿಯೇ ಮಗುಚಬಹುದು.

ಮಗ ಈಗ ಹುಲ್ಲು ಕತ್ತರಿಸಲು ಶುರು ಮಾಡಿದ್ದಾನೆ. ಅವನಿಗೆ ನಾಬ್ ಕಂಡರಾಗದು. “ಅಪ್ಪಾ, ಕೈಗೆ ಅಡ್ಡ ಬರುತ್ತೆ ಇದು” ಅಂತ ಮೊದಲ ದಿನವೇ ಬಿಚ್ಚಿ ಸೀಟಿನ ಕೆಳಗಿನ ಡಬ್ಬಕ್ಕೆ ಹಾಕಿದ. ಲೋಡರ್ ಕೆಲಸದ ದಿನ ನಾನು ಹಾಕುತ್ತೇನೆ, ಹುಲ್ಲಿನ ದಿನ ಅವನು ಬಿಚ್ಚುತ್ತಾನೆ. 13ರ ಸ್ಪ್ಯಾನರ್ ಒಂದು ಆ ಡಬ್ಬದಲ್ಲೇ ಇರುತ್ತದೆ.