ದೊಡ್ಡ ಫಿಶ್ ಟ್ಯಾಂಕಿಗೆ ಮರದ ಸ್ಟ್ಯಾಂಡ್ ಮಾಡಿಸೋ ಮುಂಚೆ

ಮೊದ್ಲು ಭಾರದ ಲೆಕ್ಕ ಹಾಕ್ಕೊಳಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಅಂದ್ರೆ ಹತ್ರತ್ರ 250 ಲೀಟರ್ ನೀರು, ಅದೇ 250 ಕೆಜಿ ಆಯ್ತು, 10 ಎಂಎಂ ಗಾಜಿಂದು ಒಂದು 50 ಕೆಜಿ, ಜಲ್ಲಿ ಕಲ್ಲು ಎಲ್ಲಾ ಸೇರಿದ್ರೆ 350ಕ್ಕೆ ಮೋಸ ಇಲ್ಲ. ಐದಾರು ಜನ ಒಂದೇ ಟೇಬಲ್ ಮೇಲೆ ಹಗಲೂ ರಾತ್ರಿ ಕೂತಂಗೆ ಅದು.

ನಾವು ಮೊದ್ಲು ತಂದಿದ್ದು ಪಾರ್ಟಿಕಲ್ ಬೋರ್ಡಿನ, ಅಂದ್ರೆ ಮರದ ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆಯ, ರೆಡಿಮೇಡ್ ಸ್ಟ್ಯಾಂಡು. ನೀರು ಬದಲಾಯಿಸುವಾಗ ಚೆಲ್ಲಿದ್ದು ಅಂಚಿನ ಪಟ್ಟಿ ಒಳಗೆ ಇಳಿದು ಬೋರ್ಡು ನೆನೆದ ಅವಲಕ್ಕಿ ತರ ಉಬ್ಕೊಂಡಿತ್ತು, ನಮಗೆ ಗೊತ್ತೇ ಆಗ್ಲಿಲ್ಲ. ಒಂದಿನ ಸಂಜೆ ಸೊಸೆ ಕರೆದು ತೋರಿಸಿದ್ಲು, ಟ್ಯಾಂಕಿನ ಎಡಗಡೆ ನೀರು ಅಂಚಿಂದ ಒಂದು ಬೆರಳು ಕೆಳಗಿದೆ, ಬಲಗಡೆ ಎರಡು ಬೆರಳು. ಎದೆ ಧಸಕ್ ಅಂತು. ರಾತ್ರಿ ಹನ್ನೊಂದರವರೆಗೂ ಬಕೆಟ್ಟಲ್ಲಿ ನೀರು ಹೊತ್ತಿದ್ದೇ ಆಯ್ತು.

ಆಮೇಲೆ ನಾವೇ ಆಚಾರಿ ಕರೆಸಿ ಮಾಡಿಸಿದ್ವಿ. ಹಳೆ ಮನೆ ಕೆಡವಿದ ಮತ್ತಿ ಮರ ಸಿಕ್ಕಿದ್ರೆ ಬಿಡಬೇಡಿ, ಎಷ್ಟೋ ವರ್ಷ ಒಣಗಿರುತ್ತೆ, ಇನ್ನು ಸೊಟ್ಟ ಆಗೋ ಭಯ ಕಮ್ಮಿ. ಹಸಿ ಮರ ಮಾತ್ರ ಬೇಡ್ವೇ ಬೇಡ. ಕಾಲು 3 ಇಂಚಿಗೆ 3 ಇಂಚು ಇರ್ಲಿ, 4 ಅಡಿ ಉದ್ದಕ್ಕೆ ಮಧ್ಯದಲ್ಲೂ ಹಿಂದೆ ಮುಂದೆ ಒಂದೊಂದು ಕಾಲು ಕೊಡಿಸಿ. ಮುಖ್ಯವಾದ ಮಾತು ಏನಂದ್ರೆ, ಮೇಲಿನ ಚೌಕಟ್ಟು ಕಾಲಿನ ತಲೆ ಮೇಲೇ ಕೂರಬೇಕು. ಎಷ್ಟೋ ಜನ ಕಾಲಿನ ಪಕ್ಕಕ್ಕೆ ಅಡ್ಡಪಟ್ಟಿ ಇಟ್ಟು ಸ್ಕ್ರೂ ಹೊಡೆದುಬಿಡ್ತಾರೆ, ಆಗ 350 ಕೆಜಿನೂ ನಾಲ್ಕಾರು ಸ್ಕ್ರೂ ಮೇಲೆ ನೇತಾಡುತ್ತೆ. ಸ್ಕ್ರೂ ಇರೋದು ಮರ ಅಲ್ಲಾಡದಂಗೆ ಹಿಡ್ಕೊಳಕ್ಕೆ, ಭಾರ ಹೊರಕ್ಕಲ್ಲ. ನಿಂತ್ಕೊಂಡು ನೋಡಿ ಮಾಡಿಸಿ. ಹಿಂದುಗಡೆ ಪೂರ್ತಿ ಒಂದು ಪ್ಲೈ ಬಡಿದ್ರೆ ಎಡಕ್ಕೆ ಬಲಕ್ಕೆ ವಾಲೋದು ನಿಲ್ಲುತ್ತೆ. ಮೇಲಿನ ಹಲಗೆಗೆ 19 ಎಂಎಂ ವಾಟರ್‌ಪ್ರೂಫ್ ಪ್ಲೈ, ಐಎಸ್ 710 (ನೀರು ತಡೆಯೋ ಮರೀನ್ ಪ್ಲೈಗೆ ಇರೋ ಭಾರತೀಯ ಗುಣಮಟ್ಟದ ನಂಬರು) ಅಂತ ಸೀಲ್ ಇದೆಯಾ ನೋಡಿ ತಗೊಳಿ.

ಪಾಲಿಶ್ ಹೊಡೆಯೋರು ಕಣ್ಣಿಗೆ ಕಾಣೋ ಕಡೆ ಮಿರಮಿರ ಮಾಡ್ತಾರೆ, ಕಾಲಿನ ಅಡಿ ಮರೀತಾರೆ. ದಿನಾ ನೆಲ ಒರೆಸೋ ನೀರು ಅಲ್ಲಿಂದಲೇ ಮೇಲೆ ಹೀರೋದು, ಅಲ್ಲೇ ಕಪ್ಪಗಾಗಿ ಲಡ್ಡಾಗೋದು. ಸ್ಟ್ಯಾಂಡ್ ಮಗುಚಿ ಹಾಕಿ ಅಡಿಗೂ ಎರಡು ಕೈ ಹೊಡೆಸಿ, ಅಡುಗೆಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ಚೂರು ಕಾಲಿನ ಕೆಳಗೆ ಇಡಿ.

ಸ್ಟ್ಯಾಂಡ್ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ವ್ಯತ್ಯಾಸ ಇದ್ರೆ ಕಾಲಿನ ಕೆಳಗೇ ಸರಿಮಾಡ್ಬೇಕು, ಟ್ಯಾಂಕಿನ ಕೆಳಗೆ ರಟ್ಟು ತುರುಕಿದ್ರೆ ಗಾಜು ಸೀಳುತ್ತೆ. ಫ್ರೇಮ್ ಇಲ್ಲದ ಟ್ಯಾಂಕಾದ್ರೆ ಅಡಿಗೆ ಅರ್ಧ ಇಂಚಿನ ಥರ್ಮಾಕೋಲ್ ಶೀಟ್ ಹಾಸಿ. ಮೊದಲ ದಿನ ಅರ್ಧ ನೀರು ಬಿಟ್ಟು ಮತ್ತೆ ರಸಮಟ್ಟ ಇಡಿ, ಮಾರನೇ ದಿನ ಪೂರ್ತಿ ತುಂಬಿಸಿ, ಒಂದು ವಾರ ಬರೀ ನೀರೇ ಇರ್ಲಿ, ಮೀನು ಆಮೇಲೆ ತನ್ನಿ.