ಮೊಣಕಾಲು ನೋವಿನ ಅವ್ವ, ಹೊಳೆ ಹುಚ್ಚಿನ ಅಪ್ಪ, ಫ್ಲಾರೆನ್ಸ್‌ನಲ್ಲಿ ನಾಲ್ಕು ದಿನ

ಅಪ್ಪ ಅವ್ವ ಮೂರು ತಿಂಗಳಿಗೆ ಅಂತ ಮ್ಯೂನಿಕ್‌ಗೆ ನಮ್ಮನೆಗೆ ಬಂದಿದ್ರು. ಎರಡು ತಿಂಗಳಾಗೋ ಹೊತ್ತಿಗೆ ಅಪ್ಪಂಗೆ ಇಲ್ಲಿನ ಚಳಿನೂ ಸಾಕಾಗಿತ್ತು, ಭಾನುವಾರ ಬಾಗಿಲು ಹಾಕಿದ ಬೀದಿನೂ ಸಾಕಾಗಿತ್ತು. "ಎಲ್ಲೆರೆ ಹೋಗೂಣೇನ್ ತಮ್ಮಾ" ಅಂದ್ರು. ಫ್ರೆಂಡ್ಸೆಲ್ಲ ಸ್ವಿಟ್ಜರ್‌ಲ್ಯಾಂಡ್ ಸ್ವಿಟ್ಜರ್‌ಲ್ಯಾಂಡ್ ಅಂತಿದ್ರು, ನಂಗೆ ಮಾತ್ರ ಕಾಲೇಜಲ್ಲಿ ಚಿತ್ರ ಬಿಡಿಸ್ತಿದ್ದ ಕಾಲದಿಂದ ಇಟಲಿಯ ಫ್ಲಾರೆನ್ಸ್ ನೋಡ್ಬೇಕು ಅಂತ ಆಸೆ, ಅವರಿಬ್ರ ಹೆಸರು ಹೇಳ್ಕೊಂಡು ನನ್ನಾಸೆ ತೀರಿಸ್ಕೊಂಡೆ ಅಂದ್ರೂ ತಪ್ಪಿಲ್ಲ. ನವೆಂಬರ್ ಮೊದಲ ವಾರ, ನಾಲ್ಕು ರಾತ್ರಿ.

ವಯಸ್ಸಾದವರನ್ನ ಕರ್ಕೊಂಡು ಹೋಗೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಜರ್ಮನಿಗೆ ಬಂದ ಶೆಂಗೆನ್ ವೀಸಾನೇ ಇಟಲಿಗೂ ನಡೆಯುತ್ತೆ, ಆದ್ರೆ ಪಾಸ್‌ಪೋರ್ಟ್ ಒರಿಜಿನಲ್ ಕೈಯಲ್ಲೇ ಇರ್ಲಿ, ಬ್ರೆನ್ನರ್ ಗಡಿ ಹತ್ರ ರೈಲಲ್ಲಿ ಪೊಲೀಸ್ರು ಬಂದು ನೋಡಿದ್ರು, ರೂಮಿನವರೂ ಕೇಳಿದ್ರು. ಮ್ಯೂನಿಕ್‌ನಿಂದ ಆಸ್ಟ್ರಿಯಾ ದಾಟಿ ಬೊಲೋನ್ಯಾ ತನಕ ಒಂದೇ ರೈಲು, ಆಲ್ಪ್ಸ್ ನೋಡ್ತಾ ಅಪ್ಪ ಮಾತೇ ಆಡ್ಲಿಲ್ಲ. ಬೊಲೋನ್ಯಾದಿಂದ ಫಾಸ್ಟ್ ಟ್ರೈನು ಅರ್ಧ ಗಂಟೆ ಚಿಲ್ಲರೆ, ಬಹುಪಾಲು ಸುರಂಗದಲ್ಲೇ ಹೋಗುತ್ತೆ. "ಏನೂ ಕಾಣವಲ್ದಲ್ಲೋ, ಇಷ್ಟ್ ರೊಕ್ಕಾ ಕೊಟ್ಟು ಕತ್ತಲದಾಗ ಕುಂತಂಗಾತು" ಅಂದ್ರು ಅಪ್ಪ.

ನಾನು ಮಾಡಿದ ಮೊದಲ್ನೇ ತಪ್ಪು ರೂಮ್. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿಂದ ಹತ್ತು ನಿಮಿಷ, ಅಡುಗೆಮನೆ ಬೇರೆ ಇದೆ ಅಂತ ಖುಷಿಯಾಗಿ ಎರಡನೇ ಮಹಡಿ ಅಪಾರ್ಟ್‌ಮೆಂಟ್ ಬುಕ್ ಮಾಡಿದ್ದೆ, ಲಿಫ್ಟ್ ಇದೆಯಾ ಅಂತ ನೋಡಿರ್ಲಿಲ್ಲ. ಹಳೇ ಕಾಲದ ಮನೆ, ಛಾವಣಿ ಎತ್ತರ, ಹಾಗಾಗಿ ಎರಡು ಮಹಡಿ ಅಂದ್ರೆ ನಮ್ಮ ಲೆಕ್ಕದಲ್ಲಿ ನಾಲ್ಕು. ಅವ್ವ ಪ್ರತಿ ತಿರುವಲ್ಲೂ ನಿಂತು ಶಿವಾ ಶಿವಾ ಅಂತಾ ಹತ್ತಿದ್ಲು. ಅಡುಗೆಮನೆ ಇದ್ದದ್ದು ಮಾತ್ರ ಪುಣ್ಯ, ಬೆಳಗಿನ ಚಹಾಕ್ಕೆ ಅವ್ವ ಯಾರನ್ನೂ ಕೇಳ್ಬೇಕಾಗ್ಲಿಲ್ಲ. ಊರಿನ ತೆರಿಗೆ ಅಂತ ಒಬ್ಬೊಬ್ರಿಗೆ ರಾತ್ರಿಗಿಷ್ಟು ಬೇರೆ ಕೊಡ್ಬೇಕು, ಬುಕ್ಕಿಂಗ್‌ನಲ್ಲಿ ಸೇರಿರ್ಲಿಲ್ಲ.

ಎರಡನೇ ತಪ್ಪು ಎಕ್ಸೆಲ್ ಶೀಟು. ಗಂಟೆಗಂಟೆಗೂ ಪ್ಲ್ಯಾನ್ ಹಾಕಿದ್ದೆ, ಬೆಳಗ್ಗೆ ಉಫಿಝಿ, ಮಧ್ಯಾಹ್ನ ಅಕಾಡೆಮಿಯಾ ಮ್ಯೂಸಿಯಂ, ಸಂಜೆ ದುವೊಮೊ ಅನ್ನೋ ದೊಡ್ಡ ಚರ್ಚು. ಉಫಿಝಿ ಈಗ ಚಿತ್ರಗಳ ಮ್ಯೂಸಿಯಂ, ಆ ಹೆಸರಿಗೆ ಕಚೇರಿಗಳು ಅಂತ ಅರ್ಥ, 1560ರಲ್ಲಿ ವಸಾರಿ ಅನ್ನೋ ಕಲಾವಿದ ಕಟ್ಟೋಕೆ ಶುರು ಮಾಡಿದ್ದು ಆಗ ಊರಾಳ್ತಿದ್ದ ಮೆದಿಚಿ ಮನೆತನದ ದೊರೆಯ ಆಫೀಸುಗಳಿಗೆ, ಒಂಥರಾ ಆಗಿನ ಡಿಸಿ ಆಫೀಸು. ಸೋಮವಾರ ರಜೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿದ್ರೆ ಸ್ವಲ್ಪ ಜಾಸ್ತಿ ಹೋಗುತ್ತೆ, ಆದ್ರೆ ಮೊಣಕಾಲು ನೋವಿರೋರನ್ನ ಕ್ಯೂನಲ್ಲಿ ನಿಲ್ಲಿಸೋದಕ್ಕಿಂತ ಅದೇ ವಾಸಿ. ಚಿತ್ರಗಳಿರೋದು ಮೇಲಿನ ಮಹಡೀಲಿ, ಮೆಟ್ಟಿಲು ಬಹಳ, ಅಲ್ಲಿನ ಸ್ಟಾಫ್‌ಗೆ ಅವ್ವನ ಮೊಣಕಾಲು ತೋರಿಸಿದೆ, ತಕ್ಷಣ ಲಿಫ್ಟ್‌ಗೆ ಕರ್ಕೊಂಡು ಹೋದ್ರು. ಕೇಳಿದ್ರೆ ಕೊಡ್ತಾರೆ, ಕೇಳ್ಬೇಕು ಅಷ್ಟೇ.

ಬೊತ್ತಿಚೆಲ್ಲಿ ಅನ್ನೋ ಕಲಾವಿದನ ಚಿತ್ರಗಳಿರೋ ಕೋಣೆಗೆ ಬಂದ್ವಿ. ಪ್ರೇಮದೇವತೆ ವೀನಸ್ ಸಮುದ್ರದಿಂದ ಚಿಪ್ಪಿನ ಮೇಲೆ ನಿಂತು ಬರ್ತಿರೋ ಚಿತ್ರ. ನಾನು ಗ್ರೀಕ್ ಪುರಾಣ ಶುರು ಹಚ್ಕೊಂಡೆ, ಅವ್ವ ಅರ್ಧಕ್ಕೇ ಕೈ ಅಡ್ಡ ಹಿಡಿದು "ಗೊತ್ತಾತ ಬಿಡು, ಲಕ್ಷ್ಮೀನೂ ಸಮುದ್ರದಾಗಿಂದನ ಬಂದಾಳ, ಈಕಿಗಿ ಕಮಲ ಸಿಕ್ಕಿಲ್ಲ ಚಿಪ್ಪಿನಾಗ ನಿಂತಾಳ" ಅಂದು ಬೆಂಚ್ ಮೇಲೆ ಕೂತ್ಬಿಟ್ಲು. ಅರ್ಧ ಗಂಟೆ ಏಳ್ಲಿಲ್ಲ. ನಾನು ವಾಚ್ ನೋಡ್ತಾ ಚಡಪಡಿಸ್ತಿದೀನಿ, ಲಿಯೊನಾರ್ಡೊ ಬಾಕಿ, ಕರವಾಜ್ಜೊ ಬಾಕಿ, ಅಪ್ಪ ಬೇರೆ ಕಾಣಿಸ್ತಿಲ್ಲ.

ಅಪ್ಪ ಸಿಕ್ಕಿದ್ದು ಕಾರಿಡಾರಿನ ಹೊಳೆ ಕಡೆ ತುದೀಲಿ. ಅಲ್ಲಿನ ಕಿಟಕೀಲಿ ಆರ್ನೋ ಹೊಳೆ, ಪೊಂತೆ ವೆಕ್ಕಿಯೊ ಸೇತುವೆ, ಎಲ್ಲ ಕಾಣುತ್ತೆ. ಸುತ್ತ ಇರೋ ಯಾವ ಮೂರ್ತಿ ಕಡೆಗೂ ಬೆನ್ನು ಹಾಕಿ ಹೊಳೆ ನೋಡ್ತಾ ನಿಂತಿದ್ರು. ನಮ್ಮೂರು ಚಿಕ್ಕೋಡಿ ತಾಲೂಕಲ್ಲಿ ಕೃಷ್ಣಾ ದಂಡೆ ಮೇಲಿದೆ, ಕಬ್ಬು ಬೆಳೆಯೋರು ನಾವು. ಹಂಗಾಗಿ ಅವರು ಕೇಳಿದ ಮೊದಲ್ನೇ ಪ್ರಶ್ನೆ "ಈ ಹೊಳಿಗಿ ಪೂರ ಬರತೈತೇನು?"

ಬರುತ್ತೆ ಅಪ್ಪಾ, 1966ರಲ್ಲಿ ಪ್ರವಾಹ ಬಂದು ಊರೇ ಮುಳುಗಿತ್ತು ಅಂದೆ. ಅಷ್ಟಂದಿದ್ದೇ ತಡ, ನನ್ನ ಎಕ್ಸೆಲ್ ಶೀಟಿನ ಕಥೆ ಮುಗೀತು. ಉಫಿಝಿಯಿಂದ ಹೊರಗೆ ಬಂದು ಅವ್ವನ್ನ ರೂಮಲ್ಲಿ ಮಲಗಿಸಿ, ಸಂಜೆ ಅಪ್ಪನ್ನ ಹಿಂದಿನ ಬೀದಿಗೆ ಕರ್ಕೊಂಡು ಹೋದೆ. ವಿಯಾ ದೇಯಿ ನೇರಿ ಅಂತ, ಸ್ಯಾಂಡ್‌ವಿಚ್ ಅಂಗಡಿಗಳ ಮುಂದೆ ಜನ ಕ್ಯೂ ನಿಲ್ಲೋ ಬೀದಿ. ವಿಯಾ ಸಾನ್ ರೆಮಿಜೊ ಸೇರೋ ಮೂಲೇಲಿ ಕತ್ತೆತ್ತಿ ನೋಡಿ, ಗೋಡೆಗೆ ಎರಡು ಕಲ್ಲು ಹಾಕಿದಾರೆ. ಕೆಳಗಿನದು 1333ರ ಪೂರ, ನೀರು ಬಂದ ಗೆರೆಗೆ ಬೆರಳು ತೋರಿಸೋ ಕೈ ಕೆತ್ತಿದಾರೆ. ಅದಕ್ಕಿಂತ ಮೇಲಿನದು 1966ರದ್ದು, ಎರಡಾಳಿಗೂ ಮೇಲೆ. ವಿಚಿತ್ರ ಅಂದ್ರೆ ಎರಡೂ ನವೆಂಬರ್ 4. ಮೊದಲ್ನೇದು ಹಳೇ ಪೊಂತೆ ವೆಕ್ಕಿಯೊನೇ ಕೊಚ್ಕೊಂಡು ಹೋಗಿತ್ತು, ಈಗಿರೋದು 1345ರಲ್ಲಿ ಮತ್ತೆ ಕಟ್ಟಿದ್ದು. ಅಪ್ಪ ಗೋಡೆ ಹತ್ರ ಹೋಗಿ ಕೈ ಮೇಲಕ್ಕೆ ಚಾಚಿ ಅಳತೆ ಮಾಡಿದ್ರು. 2019ರಲ್ಲಿ ನಮ್ಮನೆ ಪಡಸಾಲೇಲಿ ನೀರು ಅವರ ಎದೆ ತನಕ ಬಂದಿತ್ತು, 2005ರಲ್ಲಿ ಮೊಣಕಾಲು ತನಕ, ಆ ಗೆರೆಗಳ ಮೇಲೆ ಸುಣ್ಣ ಹೊಡ್ಸಿದ್ದು ತಪ್ಪಾಯ್ತು ಅಂತ ಅಲ್ಲೇ ಅಂದ್ರು. "ಇವ್ರು ನೋಡು ಕಲ್ಲಾಗ ಕೊರದಿಟ್ಟಾರ."

ಮರುದಿನ ಸಾಂತಾ ಕ್ರೋಚೆ ಚರ್ಚು. ಎಲ್ಲರೂ ಅಲ್ಲಿಗೆ ಹೋಗೋದು ಮಿಕೆಲಾಂಜೆಲೊ, ಗೆಲಿಲಿಯೊ ಸಮಾಧಿ ನೋಡೋಕೆ, ನಾವು ಹೋಗಿದ್ದು ಪೂರದ ಕಥೆ ಹಿಡ್ಕೊಂಡು. ಚಿಮಬೂಯೆ ಅನ್ನೋ ಹಳೇ ಕಲಾವಿದ ಬರೆದ ದೊಡ್ಡ ಮರದ ಶಿಲುಬೆ ಅಲ್ಲಿದೆ, 1966ರ ನೀರಲ್ಲಿ ಅದರ ಬಣ್ಣ ಅರ್ಧಕ್ಕಿಂತ ಜಾಸ್ತಿ ಕಿತ್ತು ಹೋಯ್ತು. ರಿಪೇರಿ ಮಾಡಿದವರು ಹೋದ ಜಾಗಕ್ಕೆ ಹೊಸಾ ಮುಖ ಬರೀಲಿಲ್ಲ, ಗಾಯ ಕಾಣೋ ಹಾಗೇ ಬಿಟ್ಟು ಎತ್ತರಕ್ಕೆ ತೂಗು ಹಾಕಿದಾರೆ. ವಸಾರಿ ಬರೆದ ಕೊನೆಯ ಊಟದ ಚಿತ್ರ ಅಂತೂ ನೀರಲ್ಲಿ ಮುಳುಗಿದ್ದು, ರಿಪೇರಿಯಾಗಿ ಗೋಡೆಗೆ ವಾಪಸ್ ಬಂದಿದ್ದು 2016ರಲ್ಲಿ, ಐವತ್ತು ವರ್ಷ ಆದ್ಮೇಲೆ. ದುವೊಮೊ ಎದುರಿನ ಬಾಪ್ತಿಸ್ತೇರಿ, ಅಂದ್ರೆ ದೀಕ್ಷಾಸ್ನಾನದ ಕಟ್ಟಡ, ಅದರ ಚಿನ್ನದ ಲೇಪದ ಬಾಗಿಲಿನ ಹಲಗೆಗಳನ್ನೂ ಅವತ್ತು ನೀರು ಕಿತ್ತಿತ್ತು, ಒರಿಜಿನಲ್ ಈಗ ಮ್ಯೂಸಿಯಂನಲ್ಲಿದೆ, ಹೊರಗಿರೋದು ನಕಲು. ಆಗ ಎಲ್ಲೆಲ್ಲಿಂದಲೋ ಹುಡುಗ್ರು ಬಂದು ಕೆಸರಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ, ಚಿತ್ರ ದಾಟಿಸಿದ್ರಂತೆ, ಕೆಸರಿನ ದೇವದೂತರು ಅಂತ ಅವರನ್ನ ಕರೀತಾರೆ. ಇದೆಲ್ಲ ಅಪ್ಪಂಗೆ ಹೇಳ್ತಿದ್ರೆ ಗೈಡ್ ಹೇಳೋದನ್ನ ಕೇಳೋ ಹಾಗೆ ಕೇಳ್ಲಿಲ್ಲ, ಪಕ್ಕದೂರಿನ ಸುದ್ದಿ ಕೇಳೋ ಹಾಗೆ ಕೇಳಿದ್ರು. ಅವ್ವಂದು ಬೇರೇನೇ ಚಿಂತೆ, ಚರ್ಚ್ ಬಾಗಿಲಲ್ಲಿ ಚಪ್ಪಲಿ ಎಲ್ಲಿ ಬಿಡೋದು ಅಂತ ಹುಡುಕ್ತಿದ್ಲು. ಹಾಕ್ಕೊಂಡೇ ಬಾ ಅಂದ್ರೆ ಮನಸಿಲ್ಲದೇ ಬಂದ್ಲು.

ಊಟದ ವಿಷ್ಯ. ನಮ್ಮಲ್ಲಿ ಮೊಟ್ಟೆ ಕೂಡ ಇಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎರಡು ಡಬ್ಬಿ ತುಂಬ್ಕೊಂಡಿದ್ಲು, ನಾನು ಬೇಡ ಅಂತ ಜಗಳ ಆಡಿದ್ದೆ. ಆಮೇಲೆ ಗೊತ್ತಾಯ್ತು, ಆ ಸೀಮೆ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಬರೀ ಸಪ್ಪೆ, ಬೇರೆಯವರಿಗೆ ಅದು ಹಿಡಿಸೋದೇ ಕಷ್ಟ. ಅದರ ಮೇಲೆ ಎಣ್ಣೆ ಹಾಕಿ ಶೇಂಗಾ ಹಿಂಡಿ ಉದುರಿಸಿದ್ರೆ ಇದೆಯಲ್ಲ, ಅದಕ್ಕೋಸ್ಕರಾನೇ ಉಪ್ಪು ಬಿಟ್ಟಿದಾರೆ ಅನ್ಸುತ್ತೆ. ಹೊರಗೆ ತಿನ್ನೋದಾದ್ರೆ ರಿಬೊಲ್ಲಿತಾ ಕೇಳಿ, ಹಳೇ ಬ್ರೆಡ್ಡು, ಬಿಳಿ ಅವರೆ ಥರದ ಕಾಳು, ಕಪ್ಪು ಎಲೆಕೋಸು ಕುದಿಸಿದ ಗಟ್ಟಿ ಸಾರು, ಆದ್ರೆ ಮಾಂಸದ ನೀರು ಹಾಕಿದೀರಾ ಅಂತ ವಿಚಾರಿಸ್ಕೊಳ್ಳಿ. ಕೂತ್ರೆ ಕೂತಿದ್ದಕ್ಕೇ ಚಾರ್ಜು, ಕಾಫಿ ನಿಂತ್ಕೊಂಡು ಕುಡಿದ್ರೆ ಅಗ್ಗ. ಪಿಯಾಝಾ ದೆಲ್ಲಾ ಸಿನ್ಯೋರಿಯಾದಲ್ಲಿ ನೆಪ್ಚೂನ್ ಮೂರ್ತಿ ಪಕ್ಕ ಪುಕ್ಕಟೆ ಕುಡಿಯೋ ನೀರಿನ ನಲ್ಲಿ ಇದೆ, ಗ್ಯಾಸ್ ನೀರೂ ಬರುತ್ತೆ.

ಅದೇ ಚೌಕದಲ್ಲಿ ಮಿಕೆಲಾಂಜೆಲೊ ಕೆತ್ತಿದ ಬೆತ್ತಲೆ ಡೇವಿಡ್ ಮೂರ್ತಿಯ ನಕಲು ನಿಂತಿದೆ, ಒರಿಜಿನಲ್ 1873ರಿಂದ ಅಕಾಡೆಮಿಯಾ ಒಳಗಿದೆ, 5 ಮೀಟರ್ ಮೇಲೆ ಎತ್ತರ. "ಇಂವಗೊಂದ್ ಧೋತ್ರಾ ಉಡಸಾಕ ಯಾರೂ ಸಿಗಲಿಲ್ಲೇನ" ಅಂದ್ಲು ಅವ್ವ. ಅಪ್ಪ ತಿರುಗಿ "ಯಾಕ, ಬಾಹುಬಲಿ ನೋಡಿಲ್ಲೇನ್ ನೀ" ಅಂದ್ರು, ಅಲ್ಲಿಗೆ ಮಾತು ಮುಗೀತು. ಅಕಾಡೆಮಿಯಾಗೆ ನಾನೊಬ್ಬನೇ ಹೋದೆ. ಡೇವಿಡ್‌ಗಿಂತ ನಂಗೆ ಹಿಡಿಸಿದ್ದು ದಾರೀಲಿ ಎರಡೂ ಕಡೆ ನಿಂತಿರೋ, ಮಿಕೆಲಾಂಜೆಲೊ ಅರ್ಧಕ್ಕೆ ಬಿಟ್ಟ ಕೈದಿಗಳ ಮೂರ್ತಿಗಳು, ಕಲ್ಲೊಳಗಿಂದ ಭುಜ, ತೊಡೆ ಈಚೆ ಬರೋಕೆ ಒದ್ದಾಡ್ತಿರೋ ಹಾಗಿವೆ, ಉಳಿ ಗೆರೆ ಹಾಗೇ ಕಾಣುತ್ತೆ.

ದುವೊಮೊ ಗುಮ್ಮಟಾನೂ ಒಬ್ಬನೇ ಹತ್ತಿದೆ. 463 ಮೆಟ್ಟಿಲು, ಲಿಫ್ಟ್ ಇಲ್ಲ, ಟೈಮ್ ಹಾಕಿ ಮೊದಲೇ ಬುಕ್ ಮಾಡ್ಲೇಬೇಕು. ಬ್ರುನೆಲ್ಲೆಸ್ಕಿ 1420ರಿಂದ 1436ರ ತನಕ ಕೆಳಗಿಂದ ಮರದ ಆಸರೆ ಕೊಡದೇ ಕಟ್ಟಿದ್ದು, ಒಂದರೊಳಗೊಂದು ಎರಡು ಗುಮ್ಮಟ, ಮೆಟ್ಟಿಲು ಅವೆರಡರ ಸಂದೀಲಿ ಹೋಗುತ್ತೆ, ಇಟ್ಟಿಗೆನ ಮೀನಿನ ಮುಳ್ಳಿನ ಥರ ಜೋಡಿಸಿರೋದು ಕಾಣುತ್ತೆ. ನಾನು ಇಳಿದು ಬರೋ ತನಕ ಅಪ್ಪ ಅವ್ವ ಹತ್ರದಲ್ಲೇ ಇರೋ ಪಲಾಝೊ ಮೆದಿಚಿ ಗೋಡೆಗೆ ಕಟ್ಟಿದ ಕಲ್ಲು ಕಟ್ಟೆ ಮೇಲೆ ಕೂತಿದ್ರು. ಆ ಊರಿನ ದೊಡ್ಡ ದೊಡ್ಡ ಅರಮನೆಗಳಿಗೆ ಹಿಂಗೆ ಬೀದಿ ಕಡೆ ಕಟ್ಟೆ ಇರುತ್ತೆ, ನಮ್ಮ ಹಳ್ಳಿ ಮನೆ ಕಟ್ಟೆ ಥರಾನೇ, ಕಾಲು ನೋವಿನವರಿಗೆ ಬಹಳ ಅನುಕೂಲ, ದುಡ್ಡೂ ಇಲ್ಲ. ಗೋಳಗುಮ್ಮಟಕ್ಕಿಂತ ದೊಡ್ಡದೇನು ಅಂತ ಅಪ್ಪ ಕೇಳಿದ್ರು. ಅಗಲ ಹೆಚ್ಚುಕಮ್ಮಿ ಒಂದೇ, ಇದು ಎಂಟು ಮೂಲೆ, ಇನ್ನೂರು ವರ್ಷ ಹಳೇದು ಅಂದೆ. "ಅಲ್ಲಿ ಮಾತಾಡಿದ್ರ ತಿರುಗಿ ಕೇಳತೈತಿ, ಇಲ್ಲಿ?" ಇಲ್ಲ ಅಂದೆ, ಸಮಾಧಾನ ಆಯ್ತು.

ಕೊನೇ ದಿನ ಕಶಿನೆ ಪಾರ್ಕ್. ಇದು ಟೂರಿಸ್ಟ್ ಪಟ್ಟೀಲಿ ಸಾಮಾನ್ಯ ಇರಲ್ಲ. ಕೊಲ್ಲಾಪುರದ ರಾಜಾರಾಮ ಮಹಾರಾಜ ಇಂಗ್ಲೆಂಡಿಗೆ ಹೋಗಿ ವಾಪಸ್ ಬರ್ತಾ 1870ರ ನವೆಂಬರ್ ಕೊನೇಲಿ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ, ಇನ್ನೂ ಇಪ್ಪತ್ತರ ಹುಡುಗ. ಫ್ಲಾರೆನ್ಸ್ ಆಗ ಇಟಲಿ ರಾಜಧಾನಿ. ಆ ಊರಲ್ಲಿ ಹೆಣ ಸುಡೋ ಪದ್ಧತಿ ಇರ್ಲಿಲ್ಲ, ವಿಶೇಷ ಪರ್ಮಿಷನ್ ತಗೊಂಡು ಆರ್ನೋಗೆ ಮುನ್ಯೋನೆ ಅನ್ನೋ ಸಣ್ಣ ಹೊಳೆ ಸೇರೋ ಜಾಗದಲ್ಲಿ ದಹನ ಮಾಡಿದ್ರು. ಅಲ್ಲೇ 1874ರಲ್ಲಿ ಛತ್ರಿ, ಅಂದ್ರೆ ಕಂಬಗಳ ಮೇಲೆ ಗುಮ್ಮಟ ಇರೋ ಸ್ಮಾರಕ ಮಂಟಪ ಕಟ್ಟಿಸಿದ್ರು, ಒಳಗೆ ಮುಂಡಾಸು ಸುತ್ತಿದ ಹುಡುಗನ ಮೂರ್ತಿ. ಛತ್ರಿ ಡಿಸೈನ್ ಮಾಡಿದ ಮೇಜರ್ ಮ್ಯಾಂಟ್ ಅನ್ನೋ ಇಂಗ್ಲಿಷ್ ಎಂಜಿನಿಯರೇ ಆಮೇಲೆ ಕೊಲ್ಲಾಪುರದ ನ್ಯೂ ಪ್ಯಾಲೇಸನ್ನೂ ಮಾಡಿದ್ದು. ನಮ್ಮ ಚಿಕ್ಕೋಡಿ ಒಂದು ಕಾಲಕ್ಕೆ ಕೊಲ್ಲಾಪುರದ ಕೈಯಲ್ಲೇ ಇತ್ತು, ನಮ್ಮನೇವ್ರು ಈಗ್ಲೂ ಮಹಾಲಕ್ಷ್ಮಿಗೆ, ನರಸೋಬಾ ವಾಡಿಗೆ ಹೋಗ್ತಾರೆ.

ಇಲ್ಲಿ ನನ್ನ ಮೂರನೇ ತಪ್ಪು. ಟ್ರಾಮ್ ನಂಬರ್ ಒಂದಕ್ಕೆ ಕಶಿನೆ ಅಂತಾನೇ ಸ್ಟಾಪ್ ಇದೆ, ಅಲ್ಲಿಳಿದ್ರೆ ಆಯ್ತು ಅನ್ಕೊಂಡೆ. ಪಾರ್ಕು ಉದ್ದಕ್ಕೆ ಹೊಳೆ ದಂಡೆಗುಂಟ ಮೂರು ಕಿಲೋಮೀಟರಿಗೂ ಜಾಸ್ತಿ, ಸ್ಟಾಪ್ ಈ ತುದೀಲಿ, ಛತ್ರಿ ಆ ತುದೀಲಿ. ನೀವು ಟ್ಯಾಕ್ಸಿ ಮಾಡ್ಕೊಳ್ಳಿ. ನಾವು ಬೆಂಚಿಂದ ಬೆಂಚಿಗೆ ಕೂರ್ತಾ ಒಂದೂವರೆ ಗಂಟೆ ನಡೆದ್ವಿ, ಅವ್ವ ನನ್ನ ಜೊತೆ ಮಾತು ಬಿಟ್ಲು.

ಛತ್ರಿ ಕಂಡ ತಕ್ಷಣ ಅಪ್ಪ ಚಪ್ಪಲಿ ಬಿಟ್ರು. ಕಂಬಿ ಸುತ್ತ ಒಂದು ಸುತ್ತು ಬಂದು, ಇಂಗ್ಲಿಷ್ ಬರಹ ಓದಿಸ್ಕೊಂಡು, ಆಮೇಲೆ ಎರಡು ಹೊಳೆ ಸೇರೋ ಕಡೆ ಹೋಗಿ ನಿಂತ್ರು. "ಜಾಗಾ ಛಲೋ ಹುಡಕ್ಯಾರ. ನಮ್ಮ ವಾಡಿ ಇದ್ದಂಗ ಐತಿ, ಅಲ್ಲಿ ಪಂಚಗಂಗಾ ಬಂದು ಕೂಡತೈತಲ್ಲ, ಹಂಗ." ಪಕ್ಕದಲ್ಲೇ ಹೈವೇ ಸೇತುವೆ, ಕೇಬಲ್ಲಿಂದ ತೂಗು ಹಾಕಿದ್ದು, ಅದರ ಹೆಸರೇ ಇಂಡಿಯನ್‌ನ ಸೇತುವೆ, ಆ ಹುಡುಗನಿಂದಲೇ ಬಂದಿದ್ದು. ಅಪ್ಪ ಜೇಬಲ್ಲಿ ಚಿಲ್ಲರೆ ಹುಡುಕಿದ್ರು, ಕೃಷ್ಣಾ ಸೇತುವೆ ದಾಟೋವಾಗ ಹಾಕೋ ಅಭ್ಯಾಸ. ಎರಡು ಯೂರೊ ನಾಣ್ಯ ಕೈಗೆ ಬಂತು, ಒಂದ್ಸಲ ನೋಡಿ ವಾಪಸ್ ಜೇಬಿಗೆ ಹಾಕಿ, ಪರ್ಸಿನ ಮೂಲೇಲಿದ್ದ ಒಂದು ರೂಪಾಯಿ ತೆಗೆದು ನೀರಿಗೆ ಹಾಕಿದ್ರು.

ವಾಪಸ್ ಟ್ಯಾಕ್ಸಿಗೆ ಫೋನ್ ಮಾಡಿದೆ, ಇಪ್ಪತ್ತು ನಿಮಿಷ ಅಂದ್ರು. ಅವ್ವ ಛತ್ರಿ ಎದುರಿಗೇ ಕೂತು ಡಬ್ಬಿ ಬಿಚ್ಚಿದ್ಲು, ಕೊನೇ ಎರಡು ರೊಟ್ಟಿ ಇತ್ತು.