ಎರಡು ಫೈಟ್‌ಗಳ ನಡುವಿನ ದಿನಗಳನ್ನು ನಾನು ಎಣಿಸಿದ ಬಗೆ

ಫೈಟ್‌ಗೆ ಮೊದಲು ಎರಡನೇ ಸಲ ತೂಕ ಇಳಿಸುವಾಗ ನಾನು ಬಾತ್‌ರೂಮಿನಲ್ಲಿ ಕುಸಿದು ಬಿದ್ದೆ. ಆಗ ನನ್ನ ಮಾಮೂಲಿ ತೂಕ 77 ಕೆಜಿ. ಆಡುತ್ತಿದ್ದದ್ದು ಲೈಟ್‌ವೇಟ್ ವರ್ಗದಲ್ಲಿ, ಅಂದರೆ 70.3 ಕೆಜಿ ಒಳಗೆ. ಹತ್ತು ವಾರದೊಳಗೆ ಎರಡು ಸಲ ಅಷ್ಟು ಇಳಿಸಲು ಹೊರಟಿದ್ದೆ. ನಾನು ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಸಂಜೆ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಕಲಿಯುವವನು, ಅಷ್ಟೇ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಅಣ್ಣ ಕೇಳಿದ: "ದೊಡ್ಡ ಫೈಟರ್‌ಗಳು ಎಷ್ಟು ದಿನಕ್ಕೊಂದು ಸಲ ಆಡ್ತಾರೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದ ವಾರವೇ ಒಂದು ಎಕ್ಸೆಲ್ ಶೀಟ್ ಮಾಡಿದೆ. ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯ ಫೈಟರ್‌ಗಳ ದಾಖಲೆ ಎಲ್ಲರಿಗೂ ಸಿಗುತ್ತದೆ. ಹೆಸರು, ದಿನಾಂಕ, ತೂಕದ ವರ್ಗ ಬರೆದು, ವರ್ಗಕ್ಕೆ ವರ್ಷಕ್ಕೆ ಎಷ್ಟು ಫೈಟ್ ಅಂತ ಲೆಕ್ಕ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ.

ಕಾನರ್ ಮೆಕ್‌ಗ್ರೆಗರ್ ಹತ್ತಿರ ಬಂದಾಗಲೇ ಆ ಲೆಕ್ಕ ಕೈಕೊಟ್ಟಿತು. 2015ರ ಡಿಸೆಂಬರ್ 12ರಂದು ಆತ ಜೋಸೆ ಆಲ್ಡೊನನ್ನು 13 ಸೆಕೆಂಡಿನಲ್ಲಿ ಉರುಳಿಸಿ ಫೆದರ್‌ವೇಟ್ (65.8 ಕೆಜಿ) ಚಾಂಪಿಯನ್ ಆದ. 2016ರಲ್ಲಿ ನೇಟ್ ಡಿಯಾಜ್ ಜೊತೆ ಎರಡು ಸಲ ಆಡಿದ್ದು ವೆಲ್ಟರ್‌ವೇಟ್‌ನಲ್ಲಿ (77.1 ಕೆಜಿ). ನವೆಂಬರ್ 12ರಂದು ಎಡ್ಡಿ ಆಲ್ವರೆಜ್‌ನನ್ನು ಸೋಲಿಸಿದ್ದು ಲೈಟ್‌ವೇಟ್‌ನಲ್ಲಿ. ನನ್ನ ಶೀಟ್‌ನಲ್ಲಿ 2016ರ ಫೆದರ್‌ವೇಟ್ ಸಾಲಿಗೆ ಸೊನ್ನೆ ಬಂತು. ಚಾಂಪಿಯನ್ ಆಡಿಯೇ ಇಲ್ಲ ಅನ್ನುವ ಹಾಗೆ! ಅದೇ ಮನುಷ್ಯ ಹನ್ನೊಂದು ತಿಂಗಳಲ್ಲಿ ಮೂರು ವರ್ಗಗಳಲ್ಲಿ ನಾಲ್ಕು ಸಲ ಪಂಜರದೊಳಗೆ ಇಳಿದಿದ್ದ.

ಆ ರಾತ್ರಿ ಇಡೀ ಶೀಟ್ ಅಳಿಸಿದೆ. ಮೊದಲು ಎಣಿಸಬೇಕಾದದ್ದು ಮನುಷ್ಯನನ್ನು, ವರ್ಗವನ್ನಲ್ಲ. ವರ್ಷವನ್ನೂ ಅಲ್ಲ, ಒಂದು ಫೈಟ್‌ನಿಂದ ಇನ್ನೊಂದಕ್ಕೆ ಹಿಡಿದ ದಿನಗಳನ್ನು. ಮೆಕ್‌ಗ್ರೆಗರ್‌ಗೆ ಅವು 84, 168, 84. ಆಮೇಲೆ ಖಬೀಬ್ ನುರ್ಮಗೊಮೆಡೊವ್ ಜೊತೆ 2018ರ ಅಕ್ಟೋಬರ್ 6ರಂದು ಆಡುವವರೆಗೆ 693 ದಿನ. ಸರಾಸರಿ ತೆಗೆದರೆ 257 ಬರುತ್ತದೆ. ಆತ ಯಾವತ್ತೂ ಅಷ್ಟು ದಿನಕ್ಕೆ ಆಡಿದವನಲ್ಲ! ಅದಕ್ಕೇ ನಾನು ಸರಾಸರಿ ಬಿಟ್ಟು, ದಿನಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡುತ್ತೇನೆ. ಆ 693ರ ಒಳಗೆ ಮೇವೆದರ್ ಜೊತೆಗಿನ ಬಾಕ್ಸಿಂಗ್ ಪಂದ್ಯವೂ ಇದೆ. ಅದನ್ನು ಪಕ್ಕದಲ್ಲಿ ಬರೆದಿಟ್ಟೆ. ಮೈಗೆ ಏಟು ಬಿದ್ದ ಮೇಲೆ ಅದು ಯಾವ ಆಟ ಅನ್ನುವುದು ಮುಖ್ಯ ಅಲ್ಲ, ಅಲ್ವಾ?

ವರ್ಗ ದಾಟಿದವರದ್ದು ಇನ್ನೊಂದು ತೊಡಕು. ಅಲೆಕ್ಸ್ ಪೆರೇರಾ 2023ರ ಏಪ್ರಿಲ್ 8ರಂದು ಮಿಡಲ್‌ವೇಟ್‌ನಲ್ಲಿ (83.9 ಕೆಜಿ) ಸೋತ. ಜುಲೈ 29ರಂದು ಅದರ ಮೇಲಿನ ಲೈಟ್ ಹೆವಿವೇಟ್‌ನಲ್ಲಿ ಗೆದ್ದ. ನಡುವಿನ 112 ದಿನ ಯಾವ ವರ್ಗದ ಲೆಕ್ಕ? ನಾನು ಅಂಥವನ್ನು 'ದಾಟು' ಅಂತ ಬೇರೆ ಸಾಲಿಗೆ ಹಾಕಿದೆ. ಖಮ್ಜಾತ್ ಚಿಮಾಯೆವ್ ಬಂದಾಗ ಆ ಸಾಲು ತುಂಬಾ ಉಪಯೋಗಕ್ಕೆ ಬಂತು. 2020ರ ಜುಲೈನಲ್ಲಿ ಆತ ಮಿಡಲ್‌ವೇಟ್‌ನಲ್ಲಿ ಗೆದ್ದು, ಹತ್ತೇ ದಿನಕ್ಕೆ ವೆಲ್ಟರ್‌ವೇಟ್‌ನಲ್ಲಿ ಇನ್ನೊಂದು ಗೆದ್ದ. 83.9ರಿಂದ 77.1 ಕೆಜಿಗೆ! ಆದರೆ 2022ರ ಸೆಪ್ಟೆಂಬರ್‌ನಲ್ಲಿ ಅದೇ ವೆಲ್ಟರ್‌ವೇಟ್‌ಗೆ ತಕ್ಕಡಿ ಹತ್ತಿದಾಗ 81 ಕೆಜಿ ತೋರಿಸಿತು. ಕೊನೆಗೆ ಎದುರಾಳಿಯೇ ಬದಲಾಗಿ, ಒಪ್ಪಂದದ ತೂಕದಲ್ಲಿ ಆಡಿದ. ಆಮೇಲೆ ಆತ ಮತ್ತೆ ಮಿಡಲ್‌ವೇಟ್‌ಗೆ ಹೋದ.

ಇಷ್ಟು ನೋಡಿದ ಮೇಲೆ, ಮೇಲಿನ ವರ್ಗಕ್ಕೆ ಹೋದವರು ಜಾಸ್ತಿ ಆಡುತ್ತಾರೆ ಅಂತ ನನಗೆ ಅನ್ನಿಸತೊಡಗಿತು. ಪೆರೇರಾ ಮೇಲೆ ಹೋಗಿ 2024ರಲ್ಲಿ 175 ದಿನದೊಳಗೆ ಮೂರು ಸಲ ಚಾಂಪಿಯನ್ ಬೆಲ್ಟ್ ಉಳಿಸಿಕೊಂಡ. ಡೊನಾಲ್ಡ್ ಸೆರೋನಿ 2016ರಲ್ಲಿ ವೆಲ್ಟರ್‌ವೇಟ್‌ಗೆ ಏರಿ ಒಂದೇ ವರ್ಷ ನಾಲ್ಕು ಆಡಿ ನಾಲ್ಕೂ ಗೆದ್ದ. ಖುಷಿಯಾಗಿ ಅಣ್ಣನಿಗೆ ಫೋನ್ ಮಾಡಿದೆ. ಆಮೇಲೆ ಸೆರೋನಿಯ ಹಳೆಯ ಸಾಲುಗಳನ್ನು ನೋಡಿದೆ. 2011ರಲ್ಲಿ ಲೈಟ್‌ವೇಟ್‌ನಲ್ಲೇ ಆತ ಐದು ಸಲ ಆಡಿದ್ದಾನೆ. 2015ರ ಜನವರಿ 3ಕ್ಕೆ ಒಂದು, 18ಕ್ಕೆ ಇನ್ನೊಂದು. ನಡುವೆ ಹದಿನೈದೇ ದಿನ. ನನ್ನ ವಾದ ಅಲ್ಲಿಗೆ ನಿಂತಿತು. ಮತ್ತೆ ಫೋನ್ ಮಾಡಿ ಅದನ್ನೂ ಹೇಳಿದೆ.

ಈಗ ನಾನು ನಂಬುವುದು ಇಷ್ಟು: ವರ್ಗ ಯಾವುದು ಅನ್ನುವುದಕ್ಕಿಂತ, ಆ ವರ್ಗಕ್ಕೆ ಬರಲು ಮೈ ಎಷ್ಟು ಕಳೆದುಕೊಳ್ಳುತ್ತದೆ ಅನ್ನುವುದು ದೊಡ್ಡದು. ಅದು ತಕ್ಕಡಿಯ ಅಂಕಿಯಲ್ಲಿ ಕಾಣುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್ ಬಿಂಗ್ ಎಂಬ 21ರ ಹುಡುಗ ತೂಕ ಇಳಿಸುವಾಗಲೇ ತೀರಿಕೊಂಡ. ಅದಾದ ಮೇಲೆ ಆತ ಆಡಬೇಕಿದ್ದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್ ಮೈಯ ನೀರು ಬತ್ತಿಸಿ ತೂಕ ಇಳಿಸುವುದನ್ನೇ ನಿಲ್ಲಿಸಿ, ಮೈಯಲ್ಲಿ ನೀರು ಸಾಕಷ್ಟಿದೆಯೇ ಅಂತ ನೋಡಲು ಮೂತ್ರ ಪರೀಕ್ಷೆ ತಂದಿತು. ಆ ಹುಡುಗನ ಸಾಲು ನನ್ನ ಶೀಟ್‌ನಲ್ಲಿ ಮುಂದೆ ಹೋಗುವುದಿಲ್ಲ. ಅದನ್ನು ನೋಡಿದಾಗೆಲ್ಲ ಬಾತ್‌ರೂಮಿನ ನೆಲದ ತಣುಪು ನೆನಪಾಗುತ್ತದೆ.

ಎಣಿಸುವವರಿಗೆ ಎರಡು ಸಣ್ಣ ಮಾತು. ದಿನಾಂಕ ಆ ಊರಿನದೋ ಅಮೆರಿಕದ್ದೋ ನೋಡಿಕೊಳ್ಳಿ. ನಮ್ಮ ದೇಶದ ಅಂಶುಲ್ ಜುಬ್ಲಿ ಸಿಡ್ನಿಯಲ್ಲಿ ಆಡಿದ್ದು ಅಲ್ಲಿಯ ಲೆಕ್ಕಕ್ಕೆ 2025ರ ಫೆಬ್ರವರಿ 9, ಅಮೆರಿಕದಲ್ಲಿ ಇನ್ನೂ 8. ಹಿಂದಿನ ಫೈಟ್‌ನಿಂದ ಅಲ್ಲಿಗೆ 477 ದಿನ. ಇನ್ನೊಂದು, ನಾಕೌಟ್ ಆದವರಿಗೆ ಇಷ್ಟು ದಿನ ಆಡಬಾರದು ಅಂತ ವೈದ್ಯಕೀಯ ತಡೆ ಇರುತ್ತದೆ. ಆ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಆತ ಸುಮ್ನೆ ಕೂತಿರಲಿಲ್ಲ, ಕೂರಿಸಿದ್ದರು.

ನಾನು ಈಗ ವೆಲ್ಟರ್‌ವೇಟ್‌ನಲ್ಲಿ, 77.1ರಲ್ಲಿ ಆಡುತ್ತೇನೆ. ಎದುರಾಳಿಗಳು ನನಗಿಂತ ಎತ್ತರ, ಹಿಡಿತವೂ ಗಟ್ಟಿ. ಮೊದಲ ಫೈಟ್ ಸೋತೆ. ತಕ್ಕಡಿ ಇಳಿದ ಆ ಸಂಜೆ ಮಾತ್ರ ಅಣ್ಣನ ಜೊತೆ ಕೂತು ಹೊಟ್ಟೆ ತುಂಬಾ ಅನ್ನ ಸಾರು ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ಮುಂದಿನದಕ್ಕೆ 91 ದಿನ ಇಟ್ಟುಕೊಂಡಿದ್ದೇನೆ.